ಮಸಿಯ ವಂಶಾವಳಿ

ಎರಡು ಜೋರು ಮಳೆ ಬಿದ್ದರೆ ಸಾಕು, ನಮ್ಮ ತಾರಸಿಯಲ್ಲಿ ನೀರಿಳಿಯುವ ಪೈಪಿನ ಬಾಯಿಗೆ ಒಂದು ಬೊಗಸೆ ಕರಿ ಕೆಸರು ಬಂದು ಕೂರುತ್ತದೆ. ಹೊಂಗೆ ಎಲೆ, ಪಾರಿವಾಳದ ಪುಕ್ಕ, ಪಕ್ಕದಲ್ಲಿ ಏಳುತ್ತಿರುವ ನಾಲ್ಕು ಮಹಡಿಯ ಸಿಮೆಂಟು ಪುಡಿ, ಯಾರೋ ಮಕ್ಕಳು ಹಾರಿಸಿ ಕಳಕೊಂಡ ಗಾಳಿಪಟದ ದಾರ. ಅದನ್ನು ಬಳಿದು ಬಿಸಾಡುವುದು ವರ್ಷವರ್ಷವೂ ನನ್ನ ಪಾಲಿನ ಕೆಲಸ. ಹೋದ ಜೂನಿನಲ್ಲಿ ಮಾತ್ರ ಬಿಸಾಡಲಿಲ್ಲ. ಹಳೇ ಬಕೆಟ್ಟಿಗೆ ತುಂಬಿ, ನಾಲ್ಕೈದು ನೀರಿನಲ್ಲಿ ಅಕ್ಕಿಯ ಕಲ್ಲು ಜಾಲಿಸಿದ ಹಾಗೆ ಜಾಲಿಸಿ, ತಳದಲ್ಲಿ ಉಳಿದದ್ದನ್ನು ಪೇಪರಿನ ಮೇಲೆ ಹರಡಿ ಒಣಗಿಸಿದೆ. ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರ ಮೇಲೆ ನಿಧಾನಕ್ಕೆ ಆಡಿಸಿದೆ.

ಅಮ್ಮ ಬಟ್ಟೆ ಒಣಹಾಕಲು ಮೇಲೆ ಬಂದವಳು ಸ್ವಲ್ಪ ಹೊತ್ತು ನಿಂತು ನೋಡಿದಳು. "ಎಂತದೇ ಅದು, ಚರಂಡಿ ಮಣ್ಣು ತೊಳೀತಾ ಇದೀಯ?"

"ಆಕಾಶದಿಂದ ಬಿದ್ದಿದ್ದು ಹುಡುಕ್ತಾ ಇದೀನಿ."

"ಕಾಗೆ ಹಿಕ್ಕೆನೂ ಆಕಾಶದಿಂದನೇ ಬೀಳೋದು," ಅಂದು ಕ್ಲಿಪ್ಪು ಹಾಕತೊಡಗಿದಳು.

ನನಗೆ ಈ ಹುಚ್ಚು ಹತ್ತಿಸಿದ್ದು ನಾರ್ವೆಯ ಒಬ್ಬ ಗಿಟಾರ್ ವಾದಕ. ಯೋನ್ ಲಾರ್ಸೆನ್ ಅಂತ, ಜಾಝ್ ಸಂಗೀತಗಾರ. ಊರೊಳಗಿನ ತಾರಸಿಗಳ ಕಸದಲ್ಲಿ ಆಕಾಶದ ಧೂಳು ಸಿಗುವುದು ಸಾಧ್ಯವೇ ಇಲ್ಲ, ಅದೇನಿದ್ದರೂ ಅಂಟಾರ್ಕ್ಟಿಕಾದ ಹಿಮದಲ್ಲೋ ಸಮುದ್ರದ ತಳದಲ್ಲೋ ಸಿಗಬೇಕು ಎಂದು ಬಲ್ಲವರು ಹೇಳುತ್ತಿದ್ದ ಕಾಲದಲ್ಲಿ ಈ ಮನುಷ್ಯ ಮನೆಮನೆಯ ಮಳೆನೀರಿನ ದೋಣಿಗಳನ್ನು ಕೆರೆಯುತ್ತ ಹೋದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳ ಜೊತೆ ಸೇರಿ, ಓಸ್ಲೋ, ಪ್ಯಾರಿಸ್‌ನಂಥ ಊರುಗಳ ಸುಮಾರು 300 ಕಿಲೋ ಕಸದಿಂದ 500 ಚಿಲ್ಲರೆ ಸೂಕ್ಷ್ಮ ಉಲ್ಕಾಕಣಗಳು ಸಿಕ್ಕವೆಂದು 2017ರಲ್ಲಿ ಪ್ರಕಟಿಸಿದ. ಒಂದೊಂದೂ ಸುಮಾರು 0.3 ಮಿಲಿಮೀಟರ್. ಅಂದರೆ ರವೆಯ ಕಾಳಿಗಿಂತಲೂ ಸಣ್ಣದು. ಲೆಕ್ಕ ಹಾಕಿದೆ: ಎರಡು ಕಿಲೋ ಕಸಕ್ಕೆ ಹೆಚ್ಚುಕಡಿಮೆ ಮೂರು. ನಮ್ಮ ಬಕೆಟ್ಟಿನಲ್ಲಿ ಮೂರು ಕಿಲೋ ಇತ್ತು. ಬ್ಯಾಂಕಿನಲ್ಲಿ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದವಳಿಗೆ ಇಷ್ಟು ಬಡ್ಡಿದರ ಸಾಕಿತ್ತು.

ಅಯಸ್ಕಾಂತಕ್ಕೆ ಕರಿ ಪುಡಿ ಮೀಸೆ ಬೆಳೆದ ಹಾಗೆ ಅಂಟಿಕೊಂಡಿತು. ಅಕ್ಕನ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಎರಡನೇ ಪಿಯುಸಿ ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅಗ್ಗದ ಸೂಕ್ಷ್ಮದರ್ಶಕವೊಂದನ್ನು ತರಿಸಿದ್ದೆವು. ಚೂರು ಚೂರಾಗಿ ಪುಡಿ ಹಾಕಿ ನೋಡುತ್ತ ಹೋದರೆ, ಅಬ್ಬಾ! ಮುರುಕು ಕಲ್ಲುಗಳ ನಡುವೆ ಹೊಳೆಯುವ ಉರುಟು ಗುಂಡುಗಳು. ಒಂದಲ್ಲ, ಎರಡಲ್ಲ. ಮೊದಲನೇ ಸಂಜೆಯೇ ನಲವತ್ತು. ಕರಿ ಸಾಸಿವೆಯನ್ನು ಎಣ್ಣೆಗೆ ಹಾಕಿ ತೆಗೆದ ಹಾಗೆ ಮಿರಿಮಿರಿ ಮಿಂಚುತ್ತಿದ್ದವು.

ನಲವತ್ತು! ಓಸ್ಲೋದವರಿಗೆ ನಾಚಿಕೆಯಾಗಬೇಕು ಅಂದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ತರಕಾರಿ ತರಲು ಹೋದಾಗ ನಮ್ಮ ಬೀದಿಯ ತುದಿಯ ಗ್ರಿಲ್ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಹುಡುಗನೊಬ್ಬ ಕಬ್ಬಿಣದ ಪಟ್ಟಿಯ ಮೇಲೆ ಕಟಿಂಗ್ ಮಷೀನು ಒತ್ತುತ್ತಿದ್ದ. ಕಿಡಿಗಳು ಜಲಪಾತದ ಹಾಗೆ ರಸ್ತೆವರೆಗೂ ಚೆಲ್ಲುತ್ತಿದ್ದವು. ಕಿಡಿ ಅಂದರೇನು? ಕರಗಿದ ಕಬ್ಬಿಣದ ಹನಿ. ಗಾಳಿಯಲ್ಲಿ ಹಾರುವಾಗ ಹನಿ ಏನಾಗುತ್ತದೆ? ಉರುಟಾಗುತ್ತದೆ. ಉಲ್ಕಾಕಣ ಗುಂಡಾಗುವುದೂ ಹೀಗೇ, ವಾತಾವರಣಕ್ಕೆ ನುಗ್ಗುವಾಗ ಕರಗಿ. ಚೀಲ ಹಿಡಿದು ನಿಂತೇ ಇದ್ದೆ. ಒಳಗಿಂದ ಯಜಮಾನರು, "ಏನ್ ಮೇಡಂ, ಗೇಟ್ ಮಾಡಿಸ್ಬೇಕಾ?" ಎಂದು ಕೇಳಿದರು. ನೆಲದ ಪುಡಿ ಒಂದು ಚಿಟಿಕೆ ಕೊಡಿ ಅಂದೆ. ಪಾಪ, ಏನು ಎತ್ತ ಎಂದು ಕೇಳದೆ ಒಂದು ಹಿಡಿಯನ್ನೇ ಪೇಪರಿನಲ್ಲಿ ಕಟ್ಟಿಕೊಟ್ಟರು. ಮನೆಗೆ ಬಂದು ನೋಡಿದರೆ ನನ್ನ ನಲವತ್ತು ನಕ್ಷತ್ರಗಳ ಅಣ್ಣತಮ್ಮಂದಿರು ಸಾವಿರಗಟ್ಟಲೆ ಅಲ್ಲಿದ್ದರು. ದೀಪಾವಳಿಯ ಪಟಾಕಿಯೂ ಇಂಥವೇ ಗುಂಡುಗಳನ್ನು ಉದುರಿಸುತ್ತದೆ ಎಂದು ಆಮೇಲೆ ಓದಿದೆ. ಬೆಂಗಳೂರಿನ ತಾರಸಿಯ ಮೇಲೆ ಆಕಾಶಕ್ಕಿಂತ ಮೊದಲು ನೆರೆಹೊರೆ ಬೀಳುತ್ತದೆ.

ಅಕ್ಕನ ಮಗಳು ನಗಲಿಲ್ಲ, ಅದು ಅವಳ ದೊಡ್ಡತನ. ಆದರೆ ಒಂದು ಪ್ರಶ್ನೆ ಕೇಳಿದಳು. "ಚಿಕ್ಕಿ, ನೀನು ಹುಡುಕ್ತಿರೋದು ಕಬ್ಬಿಣನಾ, ಉಲ್ಕೆನಾ? ಅಯಸ್ಕಾಂತ ಹಿಡಿದು ಹೋದ್ರೆ ಕಬ್ಬಿಣದ್ದೇ ತಾನೇ ಸಿಗೋದು?"

ಉಲ್ಕಾಶಿಲೆ ಎಂದರೆ ನನ್ನ ತಲೆಯಲ್ಲಿದ್ದದ್ದು ಮ್ಯೂಸಿಯಂನ ಭಾರೀ ಕಬ್ಬಿಣದ ಗುಂಡು. ಕಬ್ಬಿಣ-ನಿಕ್ಕಲ್ ಉಲ್ಕೆಗಳನ್ನು ಕೊಯ್ದು ಆಮ್ಲದಲ್ಲಿ ಅದ್ದಿದರೆ ಒಂದಕ್ಕೊಂದು ಅಡ್ಡ ಹಾಯುವ ಪಟ್ಟೆಗಳ ವಿನ್ಯಾಸ ಏಳುತ್ತದೆ. ಲಕ್ಷಗಟ್ಟಲೆ ವರ್ಷ ನಿಧಾನಕ್ಕೆ ಆರಿದ ಲೋಹದಲ್ಲಿ ಮಾತ್ರ ಮೂಡುವ ಪಟ್ಟೆ ಅದು, ಯಾವ ಕುಲುಮೆಯಲ್ಲೂ ಬರಿಸಲಾಗದ್ದು. ಚಂದವೇನೋ ಹೌದು. ಆದರೆ ಅಂಥದ್ದು ಯಾವುದೋ ಪುಟ್ಟ ಗ್ರಹದ ಹೊಟ್ಟೆಯೊಳಗೆ ಪೂರ್ತಿ ಕರಗಿ, ಸೋಸಿ, ಮತ್ತೆ ಗಟ್ಟಿಯಾದ ಮಾಲು. ಅದರ ಹಳೇ ನೆನಪೆಲ್ಲ ಕರಗಿ ಹೋಗಿದೆ. ನೆನಪು ಉಳಿಸಿಕೊಂಡಿರುವುದು ಇನ್ನೊಂದು ಜಾತಿ: ಕರಿ, ಮಂಕು, ಉಗುರಲ್ಲಿ ಕೆರೆದರೆ ಪುಡಿ ಉದುರುವಂಥದ್ದು. ಇಂಗಾಲಭರಿತ ಕಾಂಡ್ರೈಟ್ ಎನ್ನುತ್ತಾರೆ. ನೆಲಕ್ಕೆ ಬೀಳುವ ಉಲ್ಕಾಶಿಲೆಗಳಲ್ಲಿ ಇವು ನೂರಕ್ಕೆ ಐದೂ ಇಲ್ಲ. ನೋಡಲು ಹೇಗಿರುತ್ತವೆ ಎಂದು ಕೇಳಿದರೆ, ನಮ್ಮ ರಸ್ತೆಯ ಗುಂಡಿಯಿಂದ ಮಳೆಗಾಲದಲ್ಲಿ ಕಿತ್ತು ಬರುವ ಡಾಂಬರಿನ ಚೂರನ್ನು ತೋರಿಸಬಹುದು. ಸುಮ್ಮನೆ ಹೇಳುತ್ತಿಲ್ಲ. ಅವುಗಳ ಸಾವಯವ ಇಂಗಾಲದ ಬಹುಪಾಲು ಯಾವ ದ್ರಾವಕದಲ್ಲೂ ಕರಗದ, ಡಾಂಬರಿನ ದೂರದ ನೆಂಟನಂಥ ಒಂದು ಗೋಜಲು.

ಇಂಥದ್ದೊಂದು 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ಊರಿನ ಮೇಲೆ ಚೂರುಚೂರಾಗಿ ಬಿತ್ತು. ಒಟ್ಟು 100 ಕಿಲೋಗಿಂತ ಹೆಚ್ಚು. ಹೆಕ್ಕಿದವರಿಗೆ ಸ್ಪಿರಿಟ್ಟಿನ ವಾಸನೆ ಬಡಿಯಿತಂತೆ. ನನಗೆ ಆ ಕಲ್ಲಿನ ಬಗ್ಗೆ ಗೊತ್ತಿರುವುದರಲ್ಲೆಲ್ಲ ತುಂಬ ಇಷ್ಟವಾದ ವಿವರ ಇದೇ: 450 ಕೋಟಿ ವರ್ಷ ಹಳೆಯ ವಸ್ತುವಿನ ಮೊದಲ ಪರಿಚಯ ಮೂಗಿಗೆ ಆದದ್ದು. ಅದು ಬಿದ್ದ ಗಳಿಗೆಯೂ ಒಳ್ಳೆಯದಿತ್ತು. ಅಪೊಲೊ 11 ಚಂದ್ರನಿಂದ ಬಂದು ಎರಡು ತಿಂಗಳಾಗಿತ್ತು, ಚಂದ್ರನ ಕಲ್ಲು ಪರೀಕ್ಷಿಸಲು ಪ್ರಯೋಗಾಲಯಗಳು ಸಜ್ಜಾಗಿ ಕೂತಿದ್ದವು. ಚಂದ್ರನ ಕಲ್ಲಿನಲ್ಲಿ ಜೀವದ ಸಾಮಾನೇನೂ ಇರಲಿಲ್ಲ. ಮರ್ಚಿಸನ್ನಿನಲ್ಲಿ ಪ್ರೋಟೀನು ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಮ್ಲಗಳಿದ್ದವು. 1970ರಲ್ಲಿ ಅದನ್ನು ಪ್ರಕಟಿಸಿದ ನಾಸಾ ತಂಡದಲ್ಲಿದ್ದ ಸಿರಿಲ್ ಪೊನ್ನಂಪೆರುಮ ಶ್ರೀಲಂಕಾದ ಗಾಲೆಯವರು, ಮದ್ರಾಸಿನಲ್ಲಿ ತತ್ವಶಾಸ್ತ್ರ ಓದಿ ಆಮೇಲೆ ರಸಾಯನಶಾಸ್ತ್ರಕ್ಕೆ ಬಂದವರು. ಈ ವಿಷಯಕ್ಕೆ ಅದು ಸರಿಯಾದ ಕ್ರಮವೇ ಅನ್ನಿಸುತ್ತದೆ.

ನಮ್ಮ ದೇಶದಲ್ಲೂ ಒಂದು ಬಿದ್ದಿದೆ. 2017ರ ಜೂನ್ 6ರಂದು ಜೈಪುರದ ಹತ್ತಿರದ ಮುಕುಂದಪುರದಲ್ಲಿ. ಮರ್ಚಿಸನ್ನಿನದೇ ಜಾತಿ, ಅದೇ ಕರಿ.

ಅಲ್ಲಿಂದ ನನ್ನ ಹುಡುಕಾಟ ತಾರಸಿ ಬಿಟ್ಟು ಅಡುಗೆಮನೆಗೆ ಇಳಿಯಿತು. ಮಸಿ ಎಂದರೆ ನಮ್ಮಮ್ಮನಿಗೆ ಒಂದೇ ವಸ್ತುವಲ್ಲ. ಮಲೆನಾಡಿನ ಸಾಗರದ ಕಡೆಯ ಮನೆಯಲ್ಲಿ ಬಚ್ಚಲೊಲೆಯ ಹಂಡೆಯ ಬುಡಕ್ಕೆ ಹಿಡಿದದ್ದು ಒಂದು ಮಸಿ, ಅದನ್ನು ತೊಳೆಯುವ ಪಂಚಾಯ್ತಿಯೇ ಇಲ್ಲ. ಪಾತ್ರೆಯ ತಳಕ್ಕೆ ಹಿಡಿದದ್ದು ಇನ್ನೊಂದು, ಅದಕ್ಕೆ ಬೂದಿ, ತೆಂಗಿನ ಜುಂಗು. ಮೂರನೆಯದು ಕಾಡಿಗೆ, ಅದಕ್ಕೆ ಮರ್ಯಾದೆ. ಹರಳೆಣ್ಣೆಯ ದೀಪ ಹಚ್ಚಿ, ಜ್ವಾಲೆಯ ನೆತ್ತಿಗೆ ತಾಗುವಂತೆ ತಾಮ್ರದ ತಟ್ಟೆ ಕವುಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೋಳಿಪುಕ್ಕದಷ್ಟು ಹಗುರಾದ ಕರಿಯನ್ನು ಕೆರೆದು ಬೆಣ್ಣೆಯಲ್ಲಿ ಕಲಸುವುದು. ನಾನು ಹುಟ್ಟಿದಾಗ ನನ್ನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟು ಆ ಮೂರನೇ ಮಸಿಯದ್ದು. ಮೂರೂ ಇಂಗಾಲವೇ. ಪೆನ್ಸಿಲಿನ ಕಡ್ಡಿಯೂ ಇಂಗಾಲ, ಅಮ್ಮನ ಮೂಗುಬಟ್ಟಿನ ವಜ್ರದ ಹರಳೂ ಇಂಗಾಲ. ಶಾಲೆಯಲ್ಲಿ ಇದನ್ನು ಓದಿ ಅಂಕ ತೆಗೆದುಕೊಂಡಿದ್ದೆ. ಅರ್ಥವಾಗಿರಲಿಲ್ಲ.

ಅರ್ಥವಾದದ್ದು ಹೊಸ್ತಿಲ ಹೊರಗೆ. ಅಮ್ಮ ದಿನಾ ಬೆಳಿಗ್ಗೆ ಗೇಟಿನ ಮುಂದೆ ರಂಗೋಲಿ ಹಾಕುತ್ತಾಳೆ. ಅವತ್ತು ಶುಕ್ರವಾರ, ಹದಿನೈದರಿಂದ ಎಂಟರವರೆಗೆ ಮಧ್ಯಚುಕ್ಕಿ ಇಟ್ಟಿದ್ದಳು. ಸಾಲುಚುಕ್ಕಿಯಲ್ಲ, ಎರಡು ಚುಕ್ಕಿಯ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ ಬರುವಂಥದ್ದು. ಸುತ್ತಲಿನ ಆರು ಚುಕ್ಕಿ ಸೇರಿಸಿ, ನಡುವಿನ ಒಂದನ್ನು ಒಂಟಿಯಾಗಿ ಬಿಡುತ್ತ, ಆರು ಮೂಲೆಯ ಮನೆಗಳನ್ನು ಕಟ್ಟುತ್ತ ಹೋದಳು, ಜೇನುಗೂಡಿನ ಹಾಗೆ. ಕಾಲೇಜಿಗೆ ಹೊರಟಿದ್ದ ಅಕ್ಕನ ಮಗಳು ಒಂದು ಕಾಲಿಗೆ ಚಪ್ಪಲಿ ಹಾಕಿ ನಿಂತವಳು, "ಅಜ್ಜೀ, ಗ್ರಾಫೈಟ್!" ಎಂದು ಕೂಗಿದಳು.

ನೋಡಿದೆ. ಗೆರೆ ಕೂಡಿದ ಒಂದೊಂದು ಚುಕ್ಕಿಯಿಂದಲೂ ಮೂರು ಗೆರೆ. ಇಂಗಾಲದ ಪರಮಾಣುವಿನ ಬಳಿ ಹಂಚಿಕೊಳ್ಳಲು ನಾಲ್ಕು ಎಲೆಕ್ಟ್ರಾನುಗಳಿವೆ, ಹಾಗಾಗಿ ನಾಲ್ಕು ಬಂಧ. ಗ್ರಾಫೈಟಿನಲ್ಲಿ ಅದು ಪಕ್ಕದ ಮೂವರ ಜೊತೆ ಮಾತ್ರ ನೇರ ಗೆರೆ ಎಳೆದುಕೊಳ್ಳುತ್ತದೆ. ನಾಲ್ಕನೇ ಎಲೆಕ್ಟ್ರಾನು ಯಾರೊಬ್ಬರ ಮನೆಗೂ ಸೇರದೆ ಇಡೀ ಹಾಳೆಯ ಮೇಲೆ ತಿರುಗಾಡಿಕೊಂಡಿರುತ್ತದೆ. ಗ್ರಾಫೈಟಿನಲ್ಲಿ ಕರೆಂಟು ಹರಿಯುವುದು ಆ ಅಲೆಮಾರಿಯಿಂದ. ಮೀಟರಿನ ಸಾವಿರ ಕೋಟಿಯ ಒಂದು ಪಾಲನ್ನು ಅಳತೆಗೋಲು ಮಾಡಿಕೊಂಡರೆ ಹಾಳೆಯೊಳಗಿನ ಚುಕ್ಕಿಯಿಂದ ಚುಕ್ಕಿಗೆ 1.42, ಆದರೆ ಒಂದು ಹಾಳೆಯಿಂದ ಮೇಲಿನ ಹಾಳೆಗೆ 3.35. ಹಾಳೆಯೊಳಗೆ ಬಿಗಿ, ಹಾಳೆ ಹಾಳೆಗಳ ನಡುವೆ ಸಡಿಲ. ಪೆನ್ಸಿಲಿನಲ್ಲಿ ಬರೆಯುವಾಗ ನಾವು ಮಾಡುತ್ತಿರುವುದು ಈ ಹಾಳೆಗಳ ಕಟ್ಟನ್ನು ಜಾರಿಸಿ ಪೇಪರಿನ ಮೇಲೆ ಬಿಟ್ಟು ಬರುವುದು. ಕಾಡಿಗೆ ಅಂದರೆ ಅದೇ ಹಾಳೆಗಳ ಚಿಂದಿ, ಮುದುಡಿ ಉಂಡೆ ಕಟ್ಟಿದ್ದು.

ವಜ್ರವನ್ನು ರಂಗೋಲಿಯಲ್ಲಿ ಹಾಕಲಾಗದು. ಅಲ್ಲಿ ನಾಲ್ಕೂ ಬಂಧಗಳು ನಾಲ್ಕು ದಿಕ್ಕಿಗೆ ಚಾಚಿರುತ್ತವೆ, ಗೆರೆ ನೆಲ ಬಿಟ್ಟು ಮೇಲೇಳಬೇಕು. ತಿರುಗಾಡುವ ಎಲೆಕ್ಟ್ರಾನೇ ಇಲ್ಲ, ಜಾರುವ ಹಾಳೆಯೂ ಇಲ್ಲ.

ರಂಗೋಲಿ ನೋಡುವಾಗ ನನಗೆ ನೆನಪಾದವರು ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ಬ್ರಿಟಿಷ್ ವಿಜ್ಞಾನಿ. ಬೆಂಜೀನ್ ಉಂಗುರದ ಆರು ಇಂಗಾಲಗಳು ಒಂದೇ ಸಮತಟ್ಟಿನಲ್ಲಿವೆ, ಏರಿಳಿತವಿಲ್ಲ ಎಂದು 1929ರಲ್ಲಿ ಎಕ್ಸ್-ರೇ ಮೂಲಕ ತೋರಿಸಿಕೊಟ್ಟವರು. ಮಕ್ಕಳು ಸಣ್ಣವಿದ್ದಾಗ ಮನೆಯಲ್ಲೇ ಕೂತು ಕೈಯಲ್ಲೇ ಲೆಕ್ಕ ಮಾಡುತ್ತಿದ್ದರು. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೊದಲ ಬಾರಿಗೆ ಇಬ್ಬರು ಹೆಂಗಸರನ್ನು ಒಳಗೆ ಬಿಟ್ಟುಕೊಂಡಾಗ ಅವರಲ್ಲೊಬ್ಬರು. ಇನ್ನು ಉಲ್ಕೆಯ ನಂಟು: ಅಮೆರಿಕದ ಅರಿಜೋನಾದಲ್ಲಿ ಸುಮಾರು 50,000 ವರ್ಷಗಳ ಹಿಂದೆ ಅಪ್ಪಳಿಸಿ ದೊಡ್ಡ ಗುಣಿ ತೋಡಿದ ಕಬ್ಬಿಣದ ಉಲ್ಕೆಯ ಚೂರುಗಳಲ್ಲಿ ಗ್ರಾಫೈಟಿತ್ತು. ಅಪ್ಪಳಿಸಿದ ಏಟಿಗೆ ಅದರಲ್ಲಿ ಒಂದಿಷ್ಟು ವಜ್ರವಾಯಿತು, ಆದರೆ ಆರುಮೂಲೆಯ ಹಳೇ ಚಾಳಿಯನ್ನು ಪೂರ್ತಿ ಬಿಡದ ವಜ್ರ. 1967ರಲ್ಲಿ ಅದನ್ನು ಗುರುತಿಸಿದವರು ಅದಕ್ಕೆ ಲಾನ್ಸ್‌ಡೇಲೈಟ್ ಎಂದು ಹೆಸರಿಟ್ಟರು.

ಇದೇ ಲಾನ್ಸ್‌ಡೇಲ್ ಅವರಿಗೂ ನಮ್ಮ ಊರಿಗೂ ಒಂದು ಹಳೆಯ ಜಗಳವಿದೆ. ಸಿ.ವಿ. ರಾಮನ್ 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದ ಮೇಲೆ ವಜ್ರದ ಮೋಹಕ್ಕೆ ಬಿದ್ದವರು. ವಜ್ರಗಳನ್ನು ಕೂಡಿಹಾಕಿ ವರ್ಷಗಟ್ಟಲೆ ಅವುಗಳ ಮೇಲೆ ಬೆಳಕು ಬಿಟ್ಟು ನೋಡಿದರು. ವಜ್ರದ ಎಕ್ಸ್-ರೇ ಚಿತ್ರಗಳಲ್ಲಿ ಲೆಕ್ಕಕ್ಕೆ ಸಿಗದ ಕೆಲವು ಹೆಚ್ಚುವರಿ ಚುಕ್ಕಿಗಳು ಬೀಳುತ್ತವೆ. 1940ರ ದಶಕದಲ್ಲಿ ಆ ಚುಕ್ಕಿಗಳ ಅರ್ಥವೇನು ಎಂಬುದಕ್ಕೆ ರಾಮನ್ ಒಂದು ಹೇಳಿದರು, ಲಾನ್ಸ್‌ಡೇಲ್ ಒಪ್ಪಲಿಲ್ಲ. ಕೊನೆಗೆ ರಾಮನ್ ಅವರ ವ್ಯಾಖ್ಯಾನ ನಿಲ್ಲಲಿಲ್ಲ. ಚುಕ್ಕಿಗಳ ವಿಷಯದಲ್ಲಿ ಹೆಂಗಸರ ಜೊತೆ ವಾದಕ್ಕಿಳಿಯಬಾರದಿತ್ತು ಎಂದು ನಮ್ಮಮ್ಮ ತೀರ್ಪು ಕೊಟ್ಟಳು.

ಆದರೆ ರಾಮನ್ ಇನ್ನೊಂದು ದಾರಿಯಿಂದ ಬಂದು ಗೆದ್ದಿದ್ದಾರೆ. ಅದನ್ನು ನಾನು ಕಣ್ಣಾರೆ ಕಂಡೆ. ಟಾಟಾ ಇನ್‌ಸ್ಟಿಟ್ಯೂಟಿನ ಗೇಟು ವರ್ಷಕ್ಕೊಂದು ದಿನ ಎಲ್ಲರಿಗೂ ತೆರೆಯುತ್ತದೆ. ಆವತ್ತು ಯಶವಂತಪುರದ ಕಡೆಯಿಂದ ಒಳಗೆ ಹೋದರೆ ಜಾತ್ರೆ. ದ್ರವ ಸಾರಜನಕದ ಐಸ್‌ಕ್ರೀಮಿಗೆ ಉದ್ದೋ ಉದ್ದ ಕ್ಯೂ. ಅಕ್ಕನ ಮಗಳು ನನ್ನನ್ನು ಎಳೆದುಕೊಂಡು ಹೋದದ್ದು ಕ್ಯೂ ಇಲ್ಲದ ಒಂದು ಕತ್ತಲೆ ಕೋಣೆಗೆ. ಅಲ್ಲೊಬ್ಬ ಸಂಶೋಧನಾ ವಿದ್ಯಾರ್ಥಿ ಹಸಿರು ಲೇಸರಿನ ರಾಮನ್ ಯಂತ್ರದ ಪಕ್ಕ ಆಕಳಿಸುತ್ತ ಕೂತಿದ್ದ. ಯಾರೋ ಬಂದರೆಂದು ಎದ್ದು ಕೂತು, ನನ್ನ ಕೈಗೇ ಪೆನ್ಸಿಲು ಕೊಟ್ಟು, "ಆಂಟಿ, ಈ ಪೇಪರಲ್ಲಿ ಗೀಚಿ" ಅಂದ. ಗೀಚಿದೆ. ಆ ಗೀಚನ್ನು ಲೇಸರಿನ ಕೆಳಗಿಟ್ಟ. ಪರದೆಯ ಮೇಲೆ ಎರಡು ಗುಡ್ಡ ಎದ್ದವು. ಒಂದು 1580ರ ಹತ್ತಿರ, ಇನ್ನೊಂದು ಚಿಕ್ಕದು 1350ರ ಹತ್ತಿರ.

ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ವಸ್ತುವಿನ ಮೇಲೆ ಬಿದ್ದ ಬೆಳಕು ಚದುರಿ ವಾಪಸು ಬರುವಾಗ ಅದರ ಒಂದು ಸಣ್ಣ ಪಾಲಿನ ಬಣ್ಣ ಕೊಂಚ ಬದಲಾಗಿರುತ್ತದೆ. ಎಷ್ಟು ಬದಲಾಗಿದೆ ಎಂಬುದು ಒಳಗಿನ ಬಂಧಗಳು ಹೇಗೆ ಕಂಪಿಸುತ್ತಿವೆ ಎಂಬುದರ ಮೇಲೆ. ಪರದೆಯ ಅಂಕಿಗಳು ಆ ಬದಲಾವಣೆಯ ಅಳತೆ. ರಾಮನ್ 1928ರ ಫೆಬ್ರವರಿ 28ರಂದು ಕಂಡದ್ದು ಇದನ್ನೇ. 1580ರ ಗುಡ್ಡ ಆರುಮೂಲೆಯ ಹಾಳೆಯ ಕಂಪನ. 1350ರದ್ದು ಹಾಳೆ ಎಲ್ಲೆಲ್ಲಿ ಹರಿದಿದೆ, ಎಲ್ಲೆಲ್ಲಿ ಅಂಚಿದೆ ಎಂಬುದರ ಸುದ್ದಿ. ವಜ್ರವನ್ನಿಟ್ಟರೆ 1332ಕ್ಕೆ ಸೂಜಿಯ ಹಾಗೆ ಒಂದೇ ಒಂದು ಚೂಪು ಗೆರೆ. ಮಸಿಯನ್ನಿಟ್ಟರೆ ಎರಡೂ ಗುಡ್ಡ ದಪ್ಪಗೆ, ಮೈಗೆ ಮೈ ತಾಗಿಸಿಕೊಂಡು.

"ಉಲ್ಕೆಯ ಇಂಗಾಲ ಇಟ್ರೆ?" ಎಂದು ಅಕ್ಕನ ಮಗಳು ಕೇಳಿದಳು.

"ಮಸಿ ಥರಾನೇ," ಅಂದ. ಆ ಗುಡ್ಡಗಳ ದಪ್ಪ ನೋಡಿ ಆ ಕಲ್ಲು ತನ್ನ ಮೂಲ ಕ್ಷುದ್ರಗ್ರಹದೊಳಗೆ ಎಷ್ಟು ಕಾದಿತ್ತು ಎಂದು ಅಂದಾಜು ಮಾಡುತ್ತಾರಂತೆ. ಹೆಚ್ಚು ಬೆಂದಷ್ಟೂ ಇಂಗಾಲ ಓರಣವಾಗುತ್ತ ಗ್ರಾಫೈಟಿನ ಕಡೆಗೆ ಹೋಗುತ್ತದೆ, ಗುಡ್ಡ ಸಣಕಲಾಗುತ್ತದೆ. ರೊಟ್ಟಿಯ ಬಣ್ಣ ನೋಡಿ ಕಾವಲಿ ಎಷ್ಟು ಕಾದಿತ್ತು ಎಂದು ನಮ್ಮಮ್ಮ ಹೇಳುತ್ತಾಳಲ್ಲ, ಹೆಚ್ಚುಕಡಿಮೆ ಹಾಗೆ.

ವಾಪಸು ಬರುವಾಗ ಲಾಲ್‌ಬಾಗಿನಲ್ಲಿ ಇಳಿದುಕೊಂಡೆವು. ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿ ಕೂತೆವು. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನ ಇಲಾಖೆಯವರು ಅಲ್ಲೇ ಫಲಕ ಹಾಕಿದ್ದಾರೆ. ಅದನ್ನು ಓದುವುದಕ್ಕಿಂತ ಅದಕ್ಕೆ ಒರಗಿ ಸೆಲ್ಫಿ ತೆಗೆಯುವವರೇ ಜಾಸ್ತಿ. ಬೆಂಗಳೂರಿನಲ್ಲಿ ಇದಕ್ಕಿಂತ ಹಿರಿಯರಿಲ್ಲ ಎಂದುಕೊಂಡಿದ್ದೆ. ಆದರೆ ಸೌರಮಂಡಲದ ಮೊದಲ ಗಟ್ಟಿ ವಸ್ತುಗಳು, ಕಾಂಡ್ರೈಟುಗಳೊಳಗೆ ಸಿಕ್ಕುವ ಬಿಳಿ ಚುಕ್ಕೆಗಳು, 456 ಕೋಟಿ ವರ್ಷದವು. ಲಾಲ್‌ಬಾಗ್ ಬಂಡೆ ಅವುಗಳ ಮುಂದೆ ನಿನ್ನೆ ಮೊನ್ನೆಯದು.

ಬಂಡೆಯನ್ನು ತಟ್ಟುತ್ತ ಅಕ್ಕನ ಮಗಳು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. ಸಿಲಿಕಾನಿಗೂ ನಾಲ್ಕೇ ಬಂಧ, ಮೂಲವಸ್ತುಗಳ ಆವರ್ತಕ ಕೋಷ್ಟಕದಲ್ಲಿ ಇಂಗಾಲದ ಕೆಳಗಿನ ಮನೆಯಲ್ಲೇ ಅದರ ವಾಸ. ಭೂಮಿಯ ಚಿಪ್ಪಿನಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 28 ಪಾಲು ಅದೇ, ಇಂಗಾಲ ಉಪ್ಪಿನಕಾಯಿಯಷ್ಟೂ ಇಲ್ಲ. ಆದರೂ ಸಿಲಿಕಾನ್ ಬಂಡೆಯಾಗಿ ಕೂತಿತು, ಇಂಗಾಲ ಗೋಪುರ ಹತ್ತುವ ಮಕ್ಕಳಾಯಿತು. ಕಾರಣ, ಸಿಲಿಕಾನಿನ ಪರಮಾಣು ದಪ್ಪ, ತನ್ನ ಜಾತಿಯವರ ಜೊತೆ ಅದರ ಬಂಧ ಸಡಿಲ. ಆಮ್ಲಜನಕ ಕಂಡರೆ ಸಾಕು, ಬಿಟ್ಟು ಅದರ ಹಿಂದೆ ಹೋಗುತ್ತದೆ. ಇಂಗಾಲ ಚಿಕ್ಕದು. ತನ್ನವರ ಜೊತೆಯೂ ಗಟ್ಟಿ, ಜಲಜನಕ, ಸಾರಜನಕ, ಆಮ್ಲಜನಕ ಎಲ್ಲರ ಜೊತೆಯೂ ಗಟ್ಟಿ, ಉದ್ದ ಸರಪಣಿ, ಕವಲು, ಉಂಗುರ ಯಾವುದಕ್ಕೂ ಸೈ. ಹಾಗೆಂದು ಬಿಡಿಸಲಾರದಷ್ಟು ಬಿಗಿಯೂ ಅಲ್ಲ, ಇಲ್ಲದಿದ್ದರೆ ಉಂಡ ಅನ್ನ ಜೀರ್ಣವಾಗುತ್ತಿರಲಿಲ್ಲ.

ಈ ಇಂಗಾಲ ಹುಟ್ಟಿದ್ದಾದರೂ ಎಲ್ಲಿ? ನಕ್ಷತ್ರಗಳ ಒಳಗೆ, ಮೂರು ಹೀಲಿಯಂ ಪರಮಾಣುಬೀಜಗಳು ಕೂಡಿ. ಮುದಿ ನಕ್ಷತ್ರಗಳು ಉಸಿರು ಬಿಟ್ಟ ಹಾಗೆ ಅದನ್ನು ಹೊರಗೆ ಊದುತ್ತವೆ, ಹೊರಗೆ ಬಂದದ್ದು ಆರಿ ಕಣವಾಗುತ್ತದೆ. ಅಂದರೆ ನಿಜವಾದ ಅರ್ಥದಲ್ಲಿ ನಕ್ಷತ್ರದ ಮಸಿ. 1985ರಲ್ಲಿ ರಸಾಯನವಿಜ್ಞಾನಿ ಹ್ಯಾರಿ ಕ್ರೋಟೊ ಅಮೆರಿಕದ ರೈಸ್ ವಿಶ್ವವಿದ್ಯಾಲಯಕ್ಕೆ ಹೋದದ್ದು ಇಂಥ ನಕ್ಷತ್ರಗಳ ಸುತ್ತ ಇಂಗಾಲ ಹೇಗೆ ಸರಪಣಿ ಕಟ್ಟುತ್ತದೆ ಎಂದು ಪ್ರಯೋಗಾಲಯದಲ್ಲಿ ಮಾಡಿ ನೋಡಲು. ಅಲ್ಲಿನ ಸ್ಮಾಲಿ ಮತ್ತು ಕರ್ಲ್ ಜೊತೆ ಗ್ರಾಫೈಟಿಗೆ ಲೇಸರ್ ಬಡಿದಾಗ ಸಿಕ್ಕದ್ದು 60 ಇಂಗಾಲಗಳ ಫುಟ್ಬಾಲು. 1996ರಲ್ಲಿ ಮೂವರಿಗೂ ನೊಬೆಲ್. ಅದೇ ಫುಟ್ಬಾಲು 2010ರಲ್ಲಿ ಸ್ಪಿಟ್ಜರ್ ದೂರದರ್ಶಕಕ್ಕೆ ಆಕಾಶದಲ್ಲೇ ಕಂಡಿತು.

ನಕ್ಷತ್ರದ ಮಸಿ ಈಗಲೂ ಉಲ್ಕೆಗಳಲ್ಲಿದೆ. ಹುಡುಕುವ ವಿಧಾನ ಮಾತ್ರ ಇಲಿ ಹಿಡಿಯಲು ಮನೆಗೇ ಬೆಂಕಿ ಇಟ್ಟ ಹಾಗೆ. ಕಲ್ಲಿನ ಚೂರನ್ನು ತೀಕ್ಷ್ಣ ಆಮ್ಲಗಳಲ್ಲಿ ಒಂದಾದ ಮೇಲೊಂದು ಅದ್ದಿ ಕರಗುವುದನ್ನೆಲ್ಲ ಕರಗಿಸಿಬಿಡುವುದು. ಇಲ್ಲಿ ಮಾತ್ರ ಇಲಿ ನಿಜವಾಗಿ ಸಿಗುತ್ತದೆ, ಯಾಕೆಂದರೆ ಅದು ಸುಡುವುದಿಲ್ಲ. ಆಮ್ಲಕ್ಕೆ ಬಗ್ಗದೆ ಉಳಿಯುವುದು ವಜ್ರದ ಕಣ, ಗ್ರಾಫೈಟ್, ಸಿಲಿಕಾನೂ ಇಂಗಾಲವೂ ಕೂಡಿದ ಸಿಲಿಕಾನ್ ಕಾರ್ಬೈಡ್. ಷಿಕಾಗೋದ ವಿಜ್ಞಾನಿಗಳು 1987ರಲ್ಲಿ ಹೀಗೆ ತೆಗೆದ ವಜ್ರಗಳು ಎಷ್ಟು ಸಣ್ಣವೆಂದರೆ ಒಂದೊಂದರಲ್ಲಿ ಒಂದೆರಡು ಸಾವಿರ ಪರಮಾಣುಗಳಷ್ಟೇ. ಒಡವೆ ಮಾಡಿಸುವವರು ಆಸೆ ಬಿಡಬೇಕು. ಮರ್ಚಿಸನ್ನಿನ ಸಿಲಿಕಾನ್ ಕಾರ್ಬೈಡ್ ಕಣಗಳಲ್ಲಿ ಕೆಲವಕ್ಕೆ ಸುಮಾರು 700 ಕೋಟಿ ವರ್ಷ ಎಂದು 2020ರಲ್ಲಿ ಲೆಕ್ಕ ಸಿಕ್ಕಿತು. ಸೂರ್ಯನಿಗಿಂತ ಹಳೆಯವು. ನಾವು ಕೈಯಲ್ಲಿ ಮುಟ್ಟಬಹುದಾದದ್ದರಲ್ಲಿ ಅದಕ್ಕಿಂತ ಹಳೆಯದು ಇನ್ನೂ ಸಿಕ್ಕಿಲ್ಲ.

ಅಮ್ಮನಿಗೆ ಈ ವಜ್ರದ ಕಥೆ ಹೇಳಿದಾಗ ಅವಳು, "ಹಂಗಾರೆ ಕಾಡಿಗೇಲೂ ವಜ್ರ ಇರ್ತದಾ?" ಅಂದಳು. ನಗೆಚಾಟಿಕೆಗೆ ಕೇಳಿದ್ದು. ನೋಡಿದರೆ 2011ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದವರು ಮೇಣದಬತ್ತಿಯ ಜ್ವಾಲೆಯ ನಡುಮಧ್ಯದಲ್ಲಿ ವಜ್ರದ ನ್ಯಾನೊಕಣಗಳನ್ನು ಕಂಡಿದ್ದಾರೆ. ಹುಟ್ಟುತ್ತವೆ, ಮೇಲೇರುವಷ್ಟರಲ್ಲಿ ಉರಿದು ಹೋಗುತ್ತವೆ. ತಾಮ್ರದ ತಟ್ಟೆಯವರೆಗೆ ಬಂದು ಮುಟ್ಟುವುದು ಮಸಿ.

ಈಚೆಗೆ ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾದ ನೌಕೆ ತಂದ ಮಣ್ಣಿನ ಸುದ್ದಿ ಬಂತಲ್ಲ, ನಮ್ಮ ಟೀವಿಯಲ್ಲಿ ಆಗ ಒಂದಿಡೀ ಸಂಜೆ "ಆಕಾಶದಲ್ಲಿ ಜೀವಿ" ಎಂದು ಕೆಂಪಕ್ಷರ ಓಡಿತು. ನನಗೆ ಸಿಟ್ಟು ಬಂತು. 2023ರ ಸೆಪ್ಟೆಂಬರ್ 24ರಂದು ಇಳಿದದ್ದು 121.6 ಗ್ರಾಂ, ಒಂದು ಲೋಟ ಸಕ್ಕರೆಯಷ್ಟೂ ಇಲ್ಲ. ಅದರಲ್ಲಿ ನಮ್ಮ ಮೈ ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಇದ್ದವು, ಡಿಎನ್‌ಎ ಮತ್ತು ಆರ್‌ಎನ್‌ಎ ಕಟ್ಟುವ ಐದೂ ಅಕ್ಷರಗಳಿದ್ದವು, ಯಾವುದೋ ಕಾಲದ ಉಪ್ಪುನೀರು ಆರಿಹೋದ ಗುರುತಿತ್ತು. ಜೀವಿ ಇರಲಿಲ್ಲ. ಅಕ್ಕಿ, ಉದ್ದು, ಉಪ್ಪು, ನೀರು ಒಂದೇ ಪಾತ್ರೆಯಲ್ಲಿ ಸಿಕ್ಕಿತು ಎಂದರೆ ದೋಸೆ ಸಿಕ್ಕಿತು ಎಂದಲ್ಲ. ಇನ್ನೂ ಒಂದು ವಿಷಯ: ಅಮೈನೋ ಆಮ್ಲಗಳು ಎಡಗೈ ಬಲಗೈಗಳ ಹಾಗೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ಮಾದರಿಯಲ್ಲಿ ಇರಬಲ್ಲವು, ಭೂಮಿಯ ಜೀವಿಗಳ ಪ್ರೋಟೀನು ಎಡಗೈ ಮಾದರಿಯ ಅಮೈನೋ ಆಮ್ಲಗಳಿಂದಲೇ ಆದದ್ದು. ಮರ್ಚಿಸನ್ನಿನ ಕೆಲವು ಆಮ್ಲಗಳಲ್ಲಿ ಎಡಗೈಯವು ಕೊಂಚ ಹೆಚ್ಚಿವೆ ಎಂದು 1997ರಲ್ಲಿ ಗೊತ್ತಾದಾಗ, ನಮ್ಮ ಎಡಗೈ ಚಟ ಅಲ್ಲಿಂದಲೇ ಬಂತೇನೋ ಎಂದು ಎಲ್ಲರೂ ಹಿಗ್ಗಿದರು. ಬೆನ್ನುವಿನ ಮಣ್ಣಿನಲ್ಲಿ ಎಡ ಬಲ ಸರಿಸಮ. ಟೀವಿಯವರು ಹೇಳಬೇಕಾಗಿದ್ದ ಸುದ್ದಿ ನನ್ನ ಪ್ರಕಾರ ಇದು. ಆದರೆ ಇದಕ್ಕೆ ಕೆಂಪಕ್ಷರ ಯಾರು ಕೊಡುತ್ತಾರೆ?

ಇನ್ನು ನನ್ನ ಪುಡಿಯ ಕಥೆ. ಗ್ರಿಲ್ ಅಂಗಡಿಯ ಗುಂಡುಗಳನ್ನು ಬೇರ್ಪಡಿಸುತ್ತ ಹೋದಾಗ ಒಂದೇ ಒಂದು ಕಣ ಆ ಗುಂಪಿಗೆ ಸೇರಲಿಲ್ಲ. ಮಿಂಚು ಇರಲಿಲ್ಲ, ಮೈ ಮೇಲೆ ಸಣ್ಣ ಸಣ್ಣ ಪಟ್ಟೆಗಳಿದ್ದವು, ಒಂದು ಬದಿ ಚೂರು ಉಬ್ಬಿತ್ತು. ಚಿತ್ರ ತೆಗೆದು ಬಲ್ಲವರೊಬ್ಬರಿಗೆ ಕಳಿಸಿದೆ. ಇರಬಹುದು, ಇಲ್ಲದೆಯೂ ಇರಬಹುದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ರಾಸಾಯನಿಕ ಪರೀಕ್ಷೆ ಮಾಡದೆ ಹೇಳಲಾಗದು ಎಂದು ಉತ್ತರ ಬಂತು. ಅದನ್ನು ಒಂದು ಖಾಲಿ ವಿಭೂತಿ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು, ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿಟ್ಟೆ. ಉಳಿದ ಪುಡಿಯನ್ನೂ ಪೇಪರಿನಲ್ಲಿ ಸುತ್ತಿ ಪಕ್ಕದಲ್ಲೇ ಇಟ್ಟಿದ್ದೆ.

ಗೌರಿಹಬ್ಬದ ಹಿಂದಿನ ದಿನ ಆಫೀಸಿನಿಂದ ಬಂದು ನೋಡಿದರೆ ಶೆಲ್ಫು ಫಳಫಳ. ಡಬ್ಬಿ ತೊಳೆದು ಬೋರಲು ಹಾಕಿದ್ದಾಳೆ.

"ಅಮ್ಮಾ, ಇದರಲ್ಲಿದ್ದಿದ್ದು?"

"ಮಸಿನಾ? ಕರಿಬೇವಿನ ಕುಂಡಕ್ಕೆ ಹಾಕ್ದೆ. ಕಸದ ಬುಟ್ಟಿಗಂತೂ ಹಾಕ್ಲಿಲ್ಲ, ನಿಂಗೆ ಬೇಜಾರಾಗ್ತದೆ ಅಂತ."

ಅಯಸ್ಕಾಂತ ತೆಗೆದುಕೊಂಡು ತಾರಸಿಗೆ ಓಡಿದೆ. ಕುಂಡಕ್ಕೆ ಆಗಲೇ ನೀರು ಹಾಕಿಯಾಗಿತ್ತು. ಹಿಂದೆಯೇ ಬಂದ ಅಕ್ಕನ ಮಗಳು ಕುಂಡದೊಳಗೆ ಬಗ್ಗಿ ನೋಡುತ್ತ, "ಚಿಕ್ಕಿ, ಒಂದು ಸಮಾಧಾನ. ಗಿಡ ಇಂಗಾಲ ತಗೊಳ್ಳೋದು ಗಾಳಿಯಿಂದ, ಮಣ್ಣಿಂದಲ್ಲ. ನಿನ್ನ ಕಣ ಅಲ್ಲೇ ಇರತ್ತೆ," ಅಂದಳು.

ಕೆಳಗಿನಿಂದ ಅಮ್ಮ ಕೂಗಿದಳು, ಮೇಲಿದ್ದೀರಲ್ಲ, ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಕಿತ್ತುಕೊಂಡು ಬನ್ನಿ ಎಂದು.